ದುರ್ಗಪ್ಪನ ಬಂದೂಕು

ಹಳೆಯ ಬಂದೂಕುಗಳ ಅಸಲಿ ನಕಲಿ ಹೇಳುವುದರಲ್ಲಿ ಚನ್ನವೀರಯ್ಯನವರದು ದೊಡ್ಡ ಹೆಸರು. ಸರ್ಕಾರಿ ಪ್ರಯೋಗಾಲಯದಿಂದ ನಿವೃತ್ತರಾದ ಮೇಲೆ ಹೊಳೆದಂಡೆಯ ಮಠದ ಪಡಸಾಲೆಯಲ್ಲಿ ಆ ವಿದ್ಯೆ ಕಲಿಸುತ್ತಿದ್ದರು. ಶಿವಗಂಗಾ ಅವರ ಶಿಷ್ಯೆ.

ಒಂದು ಮುಂಜಾನೆ ದ್ಯಾವಮ್ಮ ಎಂಬ ಮುದುಕಿ ಕಂಬಳಿಯಲ್ಲಿ ಸುತ್ತಿದ ಬಂದೂಕು ತಂದಳು.

“ನಮ್ಮ ಹಿರೀಕ ದುರ್ಗಪ್ಪಂದು ಇದು. ಕೋಟೆ ಬಾಗಲಾಗ ಕಾವಲಿದ್ದ. ಕಾಳು ಕೇಳಾಕ ಬಂದ ಹಸದ ಮಂದಿ ಮ್ಯಾಲೆ ಹೊಡಿ ಅಂದ್ರಂತ. ಅಂವ ಹೊಡೀಲಿಲ್ಲ. ಇದನ್ನ ಮನಿ ಅಟ್ಟದಾಗಿಟ್ಟು ಹೋಗಿ, ಹುಕುಂ ಮೀರಿದ್ದಕ್ಕ ನೇಣಿಗೇರಿದ. ಊರಾಗ ಮಾತ್ರ ಅಂವನೂ ಕೊಂದಾನ ಅಂತಾರ. ಇವತ್ತಿಗೂ ನಮ್ಮನೀ ನೀರು ಮುಟ್ಟೂದಿಲ್ಲ. ಖರೇ ಏನು, ನೋಡಿ ಹೇಳ್ರಿ.”

ಶಿವಗಂಗಾ ಮೂರು ದಿನ ಬಂದೂಕನ್ನು ಮಡಿಲಲ್ಲಿಟ್ಟುಕೊಂಡು ಪರೀಕ್ಷಿಸಿದಳು.

“ಅಸಲಿ, ಗುರುಗಳೇ. ಮುದ್ರೆ, ಕಬ್ಬಿಣ, ಮರ ಎಲ್ಲವೂ ಇನ್ನೂರು ವರ್ಷದವು. ಉಳಿದದ್ದು ಬರೀ ಕಥೆ. ಹೊಡೆದಿದ್ದರೆ ಗುರುತು ಸಿಕ್ಕೀತು. ಹೊಡೆಯದೆ ಇದ್ದದ್ದಕ್ಕೆ ಎಂಥ ಗುರುತು?”

ಗುರುಗಳು ಒಂದು ಉದ್ದನೆಯ ತೆಳು ಬಿದಿರುಕಡ್ಡಿ ಕೊಟ್ಟರು.

“ನಳಿಗೆಯೊಳಗೆ ಇಳಿಸು. ಬಾಯಿ ಹೊಳೆಯ ಕಡೆಗಿರಲಿ.”

ಕಡ್ಡಿ ನಿಂತಲ್ಲಿ ಗುರುತು ಮಾಡಿ, ಹೊರಗೆ ತೆಗೆದು ನಳಿಗೆಯ ಪಕ್ಕಕ್ಕಿಟ್ಟು ನೋಡಿದಳು. ನಳಿಗೆಯ ಉದ್ದಕ್ಕಿಂತ ನಾಲ್ಕು ಬೆರಳು ಕಡಿಮೆ.

ಮತ್ತೆ ಇಳಿಸಿದಳು. ಮತ್ತೆ ನಾಲ್ಕು ಬೆರಳು.

ಅವಳು ಬಂದೂಕನ್ನು ಮೆಲ್ಲಗೆ ನೆಲಕ್ಕಿಟ್ಟಳು.

“ಒಳಗೆ ಗುಂಡಿದೆ. ಮದ್ದೂ ಇದೆ. ತುಂಬಿದ್ದು ತುಂಬಿದ ಹಾಗೇ ಇದೆ.”

“ಬಂದೂಕಿನ ಕುದುರೆ ಎಳೆದರೂ ಮದ್ದು ಕೆಟ್ಟು ಹಾರದೆ ನಿಂತಿರಬಹುದು. ಕಿಡಿ ಹೋಗುವ ತೂತು ನೋಡು.”

ಮಸೂರ ಹಿಡಿದು ಬಹಳ ಹೊತ್ತು ನೋಡಿದಳು. ತೂತಿನ ಸುತ್ತ ಮಸಿಯಿರಲಿಲ್ಲ. ಕಿಡಿ ಹಾರಿಸುವ ಕಲ್ಲಿನ ಅಂಚು ಒಂದಿಷ್ಟೂ ಮುಕ್ಕಾಗಿರಲಿಲ್ಲ.

“ಕೆಟ್ಟದ್ದಲ್ಲ, ಗುರುಗಳೇ. ಯಾರೂ ಕುದುರೆ ಎಳೆದೇ ಇಲ್ಲ.”

ದ್ಯಾವಮ್ಮನನ್ನು ಕರೆದು ಹೇಳಿದರು. ಅವಳು ಅಳಲಿಲ್ಲ. ನಳಿಗೆಯ ಮೇಲೆ ಅಂಗೈ ಇಟ್ಟಳು, ಮಲಗಿದ ಕೂಸಿನ ಎದೆ ಮುಟ್ಟಿದ ಹಾಗೆ.

“ಇಷ್ಟು ವರ್ಷ ನಮ್ಮ ತಲಿ ಮ್ಯಾಲೇ ಇತ್ತಲ್ಲ,” ಎಂದಳು.



ಶಿವಗಂಗಾ ವರದಿಯ ಹಾಳೆ ತೆಗೆದು ಕೂತಳು.

“ಕರುಣೆಯಿಂದ ಹೊಡೆಯಲಿಲ್ಲ ಅಂತ ಬರೆಯಲೇ?”

“ಅವನ ಮನಸ್ಸು ನಾವು ಕಂಡಿಲ್ಲ. ಕೊನೆಗೆ ತುಂಬಿದ ಗುಂಡು ಹಾರಿಲ್ಲ. ಅಷ್ಟು ಬರೆ.”

“ಅಷ್ಟೇ ಸಾಕೇ?”

“ಅಷ್ಟೇ. ಆದರೆ ಎದ್ದು ನಿಂತು ಬರೆ.”