ಹೂ ಕಾಯ್ದ ಗುಡ್ಡ

ಹಿರೇಕಲ್ಲೂರಿನ ತೆಂಕಣಕ್ಕೆ ಗಿಡಮರವಿಲ್ಲದ ಬರೀ ಬಂಡೆಯ ಗುಡ್ಡವೊಂದಿದೆ. ನೆತ್ತಿಯ ಮೇಲೆ ಕದವಿಲ್ಲದ ಗುಡಿ, ಒಳಗೆ ಬಂಡೆವ್ವ ತಾಯಿ. ಗುಡಿಯ ಮುಂದಿನ ಹಾಸುಗಲ್ಲಿನ ತುಂಬ ಉದ್ದುದ್ದ ಗೀರುಗಳು. ಇದಕ್ಕೆ ಹೂ ಕಾಯ್ದ ಗುಡ್ಡವೆಂದು ಹೆಸರು ಬಂದದ್ದು ತಾಯಿಯ ಕರುಣೆಯಿಂದ ಎನ್ನುತ್ತಾರೆ.

ಹಿಂದೆ ಒಮ್ಮೆ ಇಲ್ಲಿ ಪಾಲಯ್ಯನಾಯಕ ಆಳುತ್ತಿದ್ದ. ಎದುರಿನ ಕರಿದುರ್ಗದಲ್ಲಿ ಕುಲುಮೆಗಳ ಹೊಗೆ ಏಳತೊಡಗಿದಾಗಿನಿಂದ ಅವನಿಗೆ ಅನ್ನ ರುಚಿಸದಾಯಿತು. ಕೋಟೆಯೊಳಗೆ ಹೆಂಗಸರು, ಮಕ್ಕಳು. ಕರಿದುರ್ಗದವರೇ ಮೊದಲು ಮೇಲೆ ಬಿದ್ದರೆ ಇವರ ಗತಿಯೇನು? ದಳವಾಯಿ ಬೊಮ್ಮಣ್ಣ, "ಹಾವು ಹೆಡೆ ಎತ್ತುವ ಮೊದಲೇ ಜಜ್ಜಬೇಕು ದೊರೆ. ಕಚ್ಚಿದ ಮೇಲೆ ಕೋಲು ಹುಡುಕಿ ಏನು ಬಂತು?" ಎಂದ. ನಾಯಕನಿಗೂ ಹೌದೆನ್ನಿಸಿತು. ಆದರೆ ತಾಯಿ ಒಪ್ಪಿಗೆಯ ಗುರುತಾಗಿ ಬಲಗಡೆಯ ಹೂ ಕೊಡದೆ ದಂಡು ಗುಡ್ಡ ಇಳಿಯುವ ಪದ್ಧತಿ ಇರಲಿಲ್ಲ. ಪೂಜಾರಿ ಮಾರಕ್ಕ ತಾಯಿಯ ಎರಡೂ ಭುಜಕ್ಕೆ ಕಣಗಿಲೆ ಹೂ ಏರಿಸಿದಳು. "ದಂಡು ಕಟ್ಟಿ ಹೋಗಲೇನವ್ವಾ?" ಎಂದು ನಾಯಕ ಕೈಮುಗಿದು ಕೂತ. ಅಂದು ಯಾವ ಕಡೆಯ ಹೂವೂ ಬೀಳಲಿಲ್ಲ, ಮರುದಿನವೂ ಬೀಳಲಿಲ್ಲ. ಬಂಟರು ಬೇಸತ್ತು ಹಾಸುಗಲ್ಲಿಗೆ ಕತ್ತಿ ಮಸೆಯುತ್ತ ಕೂತರು.

"ಗಾಳಿಯಿಲ್ಲ, ಅದಕ್ಕೇ ಬೀಳ್ತಿಲ್ಲ. ಬಲಗಡೆಗೆ ಒಂಚೂರು ಊದು ಮಾರಕ್ಕ" ಎಂದ ಬೊಮ್ಮಣ್ಣ.

"ನಿನ್ನ ಮೀಸೆ ಇಷ್ಟುದ್ದ ಇದೆಯಲ್ಲ, ಅದರಲ್ಲೇ ಗಾಳಿ ಬೀಸಪ್ಪ. ಆದರೆ ಹಾಗೆ ಬಿದ್ದದ್ದು ನಿನ್ನ ಮಾತು, ತಾಯಿ ಮಾತಲ್ಲ."

ಅಷ್ಟರಲ್ಲಿ ಕರಿದುರ್ಗದ ಪೂಜಾರಿ ಸಣ್ಣೀರಜ್ಜ ಬರಿಗೈಯಲ್ಲಿ ಏದುತ್ತ ಗುಡ್ಡ ಹತ್ತಿ ಬಂದ. "ನೀವು ಕೋಟೆಗೋಡೆ ಎತ್ತರಿಸಿದ್ದು ಕಂಡು ನಾವು ಕುಲುಮೆ ಹೊತ್ತಿಸಿದೆವು ನಾಯಕರೇ. ಈಗ ಈ ಮಸೆಯುವ ಸದ್ದು. ನಮ್ಮ ದಂಡೂ ಸಜ್ಜಾಗಿ ಕೂತಿದೆ, ಆದರೆ ನಮ್ಮ ತಾಯಿಯೂ ಹೂ ಕೊಟ್ಟಿಲ್ಲ. ನೀವು ಬರ್ತೀರೋ ಇಲ್ಲವೋ ಕೇಳಿಹೋಗೋಣ ಅಂತ ಬಂದೆ."

ನಾಯಕ ಮನಸ್ಸಿನಲ್ಲೇ ಲೆಕ್ಕ ಹಾಕಿದ. ತಾನು ಗೋಡೆ ಎತ್ತರಿಸಿದ್ದು ಅವರು ಕಾವಲು ಹೆಚ್ಚಿಸಿದ್ದಕ್ಕೆ. ಅವರು ಹೆಚ್ಚಿಸಿದ್ದು ಯಾತಕ್ಕೋ, ನೆನಪಿಗೆ ಬರಲಿಲ್ಲ. ಅಜ್ಜನಿಗೆ ನೀರು ಕೊಟ್ಟು, ಕತ್ತಿ ಬಿಚ್ಚಿ ತಾಯಿಯ ಪಾದದಲ್ಲಿಟ್ಟು, "ಬರಿಗೈಲಿ ಹೋಗಲೇನವ್ವಾ?" ಎಂದ. ಮಾತು ಮುಗಿಯುವ ಮೊದಲೇ ಬಲಗಡೆಯ ಹೂ ಜಾರಿ ಬಿತ್ತು. ಅದನ್ನು ಕಣ್ಣಿಗೊತ್ತಿಕೊಂಡು ಎದ್ದ.

"ಅವರು ಮೋಸ ಮಾಡಿದರೆ?" ಎಂದ ಬೊಮ್ಮಣ್ಣ.

"ನೀನು ಕೋಟೆ ಬಾಗಿಲು ಕಾಯಿ. ಬಂದವರನ್ನು ತಡೆ. ಬಾರದವರನ್ನು ಕೊಲ್ಲಬೇಡ" ಎಂದು ನಾಯಕ ಅಜ್ಜನೊಡನೆ ಕರಿದುರ್ಗದತ್ತ ಇಳಿದ.

ಸಂಜೆಗೆ ಎರಡೂ ಕಡೆಯ ನಾಯಕರು ಒಟ್ಟಿಗೆ ಗುಡ್ಡ ಹತ್ತಿ ಬಂದು ತಾಯಿಗೆ ಕಾಯಿ ಒಡೆದರಂತೆ. ಇಂದಿಗೂ ವ್ಯಾಜ್ಯ ಹೂಡುವ ಮುನ್ನ ಎರಡೂ ಕಡೆಯವರು ಇಲ್ಲಿಗೆ ಬಂದು ಹೂ ಕೇಳುತ್ತಾರೆ. ಕಾಯುತ್ತ ಕೂತವರಲ್ಲಿ ಎಷ್ಟೋ ಮಂದಿ ಮಾತಿಗಿಳಿದು, ಒಂದೇ ಬುತ್ತಿ ಬಿಚ್ಚಿ ಉಂಡು ಇಳಿಯುತ್ತಾರೆ. ಮಳೆ ಬಂದು ಹೋದ ಬೆಳಗ್ಗೆ ಹೋದರೆ ಕಾಣುತ್ತದೆ: ಕತ್ತಿ ಮಸೆದ ಆ ಗೀರುಗಳಲ್ಲಿ ನೀರು ನಿಂತಿರುತ್ತದೆ, ಗುಬ್ಬಿಗಳು ಸಾಲಾಗಿ ಕೂತು ಕುಡಿಯುತ್ತಿರುತ್ತವೆ.