ರೆಕ್ಕೆ ಬರಲಿರುವ ಸ್ಕೂಟರ್

ಆಯುಧಪೂಜೆಯ ದಿನ ದರ್ಜಿ ರುದ್ರಯ್ಯ ತನ್ನ ಹಳೇ ಸ್ಕೂಟರಿಗೆ ಹಾರ ಹಾಕಿ, ಕುಂಕುಮವಿಟ್ಟು, ಮುಂದಿನ ಚಕ್ರದಡಿ ಒಂದು ನಿಂಬೆಹಣ್ಣು ಇಟ್ಟ. ಹಣ್ಣು ಗಡಗಡ ನಡುಗಿತು.

"ಹೆದರಬೇಡ. ಇನ್ನು ಗಾಡಿಗಳೆಲ್ಲ ಹಾರುತ್ತವಂತೆ. ನಾನು ಮೇಲಿಂದ ಹೋಗುತ್ತೇನೆ, ನಿನಗೆ ಗಾಳಿಯೂ ಸೋಕುವುದಿಲ್ಲ," ಎಂದಿತು ಸ್ಕೂಟರ್.

"ಯಾರು ಹೇಳಿದರು ಸ್ವಾಮಿ?"

"ಪತ್ರಿಕೆಯಲ್ಲಿ ಚಿತ್ರ ಸಮೇತ ಬಂದಿತ್ತು. ಆಗ ನಾನಿನ್ನೂ ಶೋರೂಮಿನಲ್ಲಿದ್ದೆ."

"ಹಾಗಾದರೆ ನಮ್ಮ ಮುತ್ತಜ್ಜಿಗೂ ಇದನ್ನೇ ಹೇಳಿದ್ದಿರಾ?"

"ಹೇಳಿದ್ದೆ. ಪಾಪ, ತುಂಬಾ ನಂಬಿದ್ದಳು. ಅವಸರಪಟ್ಟರೆ ಆಗುತ್ತದೆಯೇ? ಮುಂದಿನ ವರ್ಷ ರೆಕ್ಕೆ ಬಂದೇ ಬರುತ್ತದೆ."

"ಮುಂದಿನ ವರ್ಷ ಇಲ್ಲಿ ಕೂರುವುದು ಬೇರೆ ಹಣ್ಣು! ನನಗೆ ನಿಮ್ಮ ರೆಕ್ಕೆ ಬೇಡ ಸ್ವಾಮಿ. ಎಷ್ಟು ವಾಲಿಸಿ ಒದ್ದರೂ ನೀವು ಸ್ಟಾರ್ಟ್ ಆಗುವುದಿಲ್ಲವಂತಲ್ಲ, ಇವತ್ತೂ ಹಾಗೇ ನಿಂತುಬಿಡಿ, ಸಾಕು."

ಅಷ್ಟರಲ್ಲಿ ರುದ್ರಯ್ಯ ಹತ್ತಿ ಕೂತು ಕಿಕ್ ಹೊಡೆದ. ಹಾರ, ಕುಂಕುಮ, ಊದುಬತ್ತಿಯ ಮರ್ಯಾದೆಗೆ ಉಬ್ಬಿಹೋಗಿದ್ದ ಸ್ಕೂಟರ್ ಒಂದೇ ಏಟಿಗೆ ಸ್ಟಾರ್ಟ್ ಆಗಿ ಮುಂದಕ್ಕೆ ಹಾರಿತು. ಪಚಕ್ಕೆಂದು ಸದ್ದಾಯಿತು.

"ನೋಡಿದೆಯಾ, ಒಂದೇ ಕಿಕ್ಕಿಗೆ! ರೆಕ್ಕೆ ಇನ್ನೇನು ದೂರವಿಲ್ಲ!" ಎಂದಿತು ಸ್ಕೂಟರ್.

ಹೌದೆನ್ನಲು ಕೆಳಗೆ ಯಾರೂ ಉಳಿದಿರಲಿಲ್ಲ.