ನೀರುಕಾಗೆಯ ಸನ್ನೆ

ಒಂದು ಕಾಡಿನಲ್ಲಿ ಮಾತು ಮುಳುಗಿಹೋಗುವ ಮಡುವೊಂದಿತ್ತು. ದಡದಲ್ಲಿ ಎಷ್ಟು ಹರಟಿದರೂ ಸರಿ, ನೀರಿಗಿಳಿದರೆ ಬಾಯಿಂದ ಬರುವುದು ಗುಳ್ಳೆ ಮಾತ್ರ. ಗುಳ್ಳೆಗಳು ಬೆಳ್ಳಗೆ ಮೇಲೇರಿ, ಬಿಸಿಲಿನಲ್ಲಿ ಒಡೆದು, ಏನನ್ನೂ ಹೇಳದೆ ಕರಗುತ್ತಿದ್ದವು.

ಮೂಡಣ ಹೊಳೆ, ಪಡುವಣ ಹೊಳೆ ಎರಡೂ ಬಂದು ಆ ಮಡುವನ್ನು ಸೇರುತ್ತಿದ್ದವು. ಆ ಬೇಸಗೆ ಎರಡೂ ಬತ್ತಿದವು. ಮೂಡಣದ ನೀರುನಾಯಿಗಳು ಒಂದು ದಡಕ್ಕೆ ಬಂದವು, ಪಡುವಣದವು ಎದುರು ದಡಕ್ಕೆ. ಎಲ್ಲರ ಹೊಟ್ಟೆಗೂ ಮಡುವೇ ಗತಿ. ನೀರಿನೊಳಗೆ ಅವು ಸನ್ನೆಯಲ್ಲೇ ಮಾತಾಡುತ್ತಿದ್ದವು. ಮುಂಗಾಲನ್ನು ಅವು ಕೈ ಎಂದೇ ಕರೆಯುತ್ತಿದ್ದವು. ನಾವೂ ಹಾಗೇ ಕರೆಯೋಣ.

ಮೂಡಣ ದಡದ ಸಿರಿ ಎಂಬ ನೀರುನಾಯಿಗೆ ಪುಟ್ಟ ಮರಿಗಳಿದ್ದವು. ಒಂದು ದಿನ ಅವಳು ಮೀನಿನ ಬೆನ್ನು ಹತ್ತಿ ನಡುಮಡುವಿಗೆ ಇಳಿದಳು. ಯಾವುದೋ ಮಳೆಗಾಲದಲ್ಲಿ ಉರುಳಿದ ಹೊಳೆಮತ್ತಿ ಮರವೊಂದು ಅಲ್ಲಿ ತಳದಲ್ಲಿ ಮಲಗಿತ್ತು. ಅದರ ಬೇರಿನಲ್ಲಿ ಅವಳ ಹಿಂಗಾಲು ಸಿಕ್ಕಿಕೊಂಡಿತು. ಎಳೆದಷ್ಟೂ ಬಿಗಿಯಿತು.

ಆಗ ಪಡುವಣ ದಡದ ಬೊಮ್ಮಣ್ಣ ತೇಲುತ್ತ ಬಂದ. ದೊಡ್ಡ ಮೀಸೆಯ ನೀರುನಾಯಿ ಅವನು. ಸಿರಿ ಎದೆಯ ಮೇಲೆ ಕೈ ಇಟ್ಟಳು. 'ಉಸಿರು ಮುಗಿಯಿತು, ಬಾ' ಎಂದು ಅದರ ಅರ್ಥ. ಬೊಮ್ಮಣ್ಣ ನಕ್ಕ. ತಾನೂ ಎದೆಯ ಮೇಲೆ ಕೈ ಇಟ್ಟ. ಮೀಸೆ ಕುಣಿಸುತ್ತ ಹೊರಟೇ ಹೋದ.

ಸಿರಿ ಬೇರು ಕಚ್ಚಿ, ಕಾಲಿನ ಚರ್ಮ ಸುಲಿದುಕೊಂಡು, ಹೇಗೋ ಮೇಲೆ ಬಂದಳು.

ಬಂಡೆಯ ಮೇಲೆ ಕಾಡಿಗೆರಾಯ ಬಂದು ಕೂತ. ಅವನೊಂದು ನೀರುಕಾಗೆ. ಮೈಯೆಲ್ಲ ಕಾಡಿಗೆ ಬಳಿದ ಹಾಗಿದ್ದ. ಎರಡೂ ದಡದ ಸನ್ನೆಗಳನ್ನು ಬಲ್ಲವನು ಅವನೊಬ್ಬನೇ.

"ಅಯ್ಯೋ ಸಿರಿಯಕ್ಕ! ಸಾಯುವವಳನ್ನು ನೋಡಿ ನಕ್ಕುಬಿಟ್ಟನಲ್ಲ! ನಿನ್ನ ಸನ್ನೆಯನ್ನೇ ಮಾಡಿ ಅಣಕಿಸಿದ. ದೂರದಿಂದ ಕಣ್ಣಾರೆ ಕಂಡೆ."

ಅಲ್ಲಿಂದ ಅವನು ಆಚೆ ದಡಕ್ಕೆ ಹಾರಿದ. "ಬೊಮ್ಮಣ್ಣ, ಮೂಡಣದವರು ನಿನ್ನನ್ನು ಕೊಲೆಗಾರ ಅನ್ನುತ್ತಿದ್ದಾರಪ್ಪ. ಯಾಕೋ ಏನೋ, ನನಗೆ ತಿಳಿಯದು."

ದಡಗಳ ನಡುವೆ ಮಾತು ನಿಂತುಹೋಯಿತು.

ಮರುದಿನ ಕಾಡಿಗೆರಾಯ ಎರಡೂ ಕಡೆ ಹೋಗಿ ಹೇಳಿದ. "ಮಡುವಿನಲ್ಲಿ ಮೊಸಳೆಯೊಂದು ಸೇರಿಕೊಂಡಿದೆ. ಹೆದರಬೇಡಿ, ಕಾವಲಿಗೆ ನಾನಿದ್ದೇನೆ. ನೀರಿನೊಳಗೆ ಎರಡೂ ರೆಕ್ಕೆ ಅಗಲಿಸಿದೆ ಎಂದರೆ ಮೊಸಳೆ ಬಂತು ಎಂದು ತಿಳಿಯಿರಿ. ಹಿಂದೆ ನೋಡದೆ ದಡ ಹತ್ತಿಬಿಡಿ."

"ಪುಣ್ಯಾತ್ಮರು ನೀವು, ರಾಯರೇ!" ಎಂದವು ಎಲ್ಲವೂ.

ಅಂದಿನಿಂದ ಮೀನಿನ ಹಿಂಡು ದಟ್ಟವಾದಾಗಲೆಲ್ಲ ಕಾಡಿಗೆರಾಯ ರೆಕ್ಕೆ ಬಿಚ್ಚುತ್ತಿದ್ದ. ನೀರುನಾಯಿಗಳು ಬರಿಗೈಯಲ್ಲಿ ದಡ ಹತ್ತುತ್ತಿದ್ದವು. ಸಿರಿಯ ಮರಿಗಳು ಏಡಿಯ ಕಾಲು ಚೀಪುತ್ತ ನಿದ್ದೆ ಹೋಗುತ್ತಿದ್ದವು. ಅವುಗಳ ಪಕ್ಕೆಲುಬು ಕಾಣತೊಡಗಿತು. ಕಾಡಿಗೆರಾಯನ ಹೊಟ್ಟೆ ಮಾತ್ರ ದುಂಡಗಾಗುತ್ತಿತ್ತು.

ಒಂದು ಮಧ್ಯಾಹ್ನ ಸಿರಿ ನೀರಿನೊಳಗೆ ಸುಮ್ಮನೆ ತೇಲುತ್ತಿದ್ದಳು. ಬಿಸಿಲು ಹಸಿರಾಗಿ ಇಳಿದು ತಳದ ಮರಳಿನ ಮೇಲೆ ಬಲೆಯಂತೆ ಆಡುತ್ತಿತ್ತು. ಎದುರಿಗೆ ಪಡುವಣದ ಮರಿಯೊಂದು ಬಣ್ಣದ ಕಲ್ಲು ಹಿಡಿದು ಪಲ್ಟಿ ಹೊಡೆಯುತ್ತಿತ್ತು. ತಾಯಿಯನ್ನು ನೋಡಿ ಎದೆಯ ಮೇಲೆ ಕೈ ಇಟ್ಟಿತು. ತಾಯಿಯೂ ಎದೆಯ ಮೇಲೆ ಕೈ ಇಟ್ಟಳು. ಇಬ್ಬರಿಗೂ ಮೇಲೆ ಹೋಗುವ ಅವಸರವೇ ಇರಲಿಲ್ಲ. ಕನಸಿನಲ್ಲಿದ್ದವರಂತೆ ಅಲ್ಲೇ ಸುತ್ತಿದರು.

'ಉಸಿರು ಮುಗಿದವರು ಹೀಗೆ ಆಡುವುದುಂಟೆ?' ಎಂದುಕೊಂಡಳು ಸಿರಿ.

ಅವಳು ನೇರವಾಗಿ ಪಡುವಣ ದಡಕ್ಕೆ ಈಜಿದಳು.

"ಏನಮ್ಮ, ಕೊಲೆಗಾರನ ಮನೆಗೇ ಬಂದೆ!" ಎಂದ ಬೊಮ್ಮಣ್ಣ.

"ಜಗಳಕ್ಕೆ ಬಂದಿಲ್ಲ ಮಾರಾಯ. ಎದೆಯ ಮೇಲೆ ಕೈ ಇಟ್ಟರೆ ನಿಮ್ಮಲ್ಲಿ ಏನರ್ಥ?"

"ಹಾಯಾಗಿದ್ದೇನೆ ಅಂತ. ಅವತ್ತು ನೀನೇ ಅಂದೆಯಲ್ಲ? ನಾನೂ ಹಾಯಾಗಿದ್ದೇನೆ ಅಂದೆ."

ಸಿರಿ ಚರ್ಮ ಸುಲಿದ ಕಾಲನ್ನು ಮುಂದೆ ಚಾಚಿದಳು. "ನಮ್ಮಲ್ಲಿ ಅದು ಉಸಿರು ಮುಗಿಯಿತು ಅಂತ."

ಬೊಮ್ಮಣ್ಣನ ಮೀಸೆ ಜೋತುಬಿತ್ತು. "ಅಯ್ಯೋ ತಾಯಿ! ಅದಕ್ಕೆ ನಾವು ಕೊರಳು ಹಿಡಿದು ತೋರಿಸುತ್ತೇವೆ."

"ಹಾಯಾಗಿದ್ದರೆ ನಾವು ನೆತ್ತಿ ಮುಟ್ಟುತ್ತೇವೆ."

"ಈಗ ಯಾರ ಸನ್ನೆ ಸರಿ ಅನ್ನೋಣ?"

"ನಿನ್ನದು ನಿನಗಿರಲಿ, ನನ್ನದು ನನಗಿರಲಿ. ಮುಳುಗುವ ಮೊದಲು ಒಮ್ಮೆ ತೋರಿಸಿಕೊಂಡರೆ ಸಾಕು. ಅದಿರಲಿ, ರೆಕ್ಕೆ ಬಿಚ್ಚಿದರೆ?"

"ಮೊಸಳೆ ಬಂತು ಅಂತ. ನಮಗೂ ರಾಯರೇ ಕಲಿಸಿದ್ದು."

"ನೀನು ಮೊಸಳೆಯನ್ನು ನೋಡಿದ್ದೀಯಾ?"

"ಇಲ್ಲ. ನೀನು?"

"ನಾನೂ ಇಲ್ಲ."

ಇಬ್ಬರೂ ಮುಖ ಮುಖ ನೋಡಿಕೊಂಡರು. ನಾಳೆ ಓಡದೆ ನೀರಿನೊಳಗಿನ ಬಂಡೆಯ ಹಿಂದೆ ಅಡಗಿ ನೋಡೋಣ ಎಂದು ಗೊತ್ತುಮಾಡಿಕೊಂಡರು.

ಮರುದಿನ ಮೀನುಗಳು ಬೆಳ್ಳಿಯ ಮೋಡದಂತೆ ನಡುಮಡುವಿಗೆ ಬಂದವು. ಕಾಡಿಗೆರಾಯ ರೆಕ್ಕೆ ಬಿಚ್ಚಿದ. ಎಲ್ಲರೂ ದಡಕ್ಕೆ ಓಡಿದರು. ಸಿರಿ, ಬೊಮ್ಮಣ್ಣ ಬಂಡೆಯ ಹಿಂದಿನಿಂದ ಇಣುಕಿದರು. ಮೊಸಳೆ ಬರಲಿಲ್ಲ. ಕಾಡಿಗೆರಾಯ ರೆಕ್ಕೆ ಮಡಚಿ ಹಿಂಡಿನೊಳಗೆ ನುಗ್ಗಿದ. ಒಂದು ಮೀನು ನುಂಗಿದ, ಇನ್ನೊಂದು ನುಂಗಿದ. ಕೊಬ್ಬಿದ ಮೀನೊಂದು ಹೊಳೆಮತ್ತಿಯ ಬೇರಿನೊಳಗೆ ನುಸುಳಿತು. ಅವನೂ ನುಸುಳಿದ. ಅವನ ಕಾಲು ಸಿಕ್ಕಿಕೊಂಡಿತು.

ಅವನು ಒದ್ದಾಡಿದ. ಎದೆ ಮುಟ್ಟಲು ಅವನಿಗೆ ಕೈಯಿಲ್ಲ, ಕೊರಳು ಹಿಡಿಯಲೂ ಕೈಯಿಲ್ಲ. ಇದ್ದದ್ದು ರೆಕ್ಕೆ. ಎರಡನ್ನೂ ಅಗಲಿಸಿ ಬಡಿದ.

ದಡದಿಂದ ಬಗ್ಗಿ ನೋಡುತ್ತಿದ್ದ ನೀರುನಾಯಿಗಳು ಬೆಚ್ಚಿದವು. "ಮೊಸಳೆ ಇನ್ನೂ ಇದೆ! ಯಾರೂ ಇಳಿಯಬೇಡಿ!" ಅವನು ಬಡಿದಷ್ಟೂ ಅವು ಹಿಂದಕ್ಕೆ ಸರಿದವು.

ಬಂಡೆಯ ಹಿಂದೆ ಬೊಮ್ಮಣ್ಣ ಸಿರಿಯತ್ತ ತಿರುಗಿದ. ನೀರುಕಾಗೆಯತ್ತ ಮೂತಿ ಚಾಚಿ ತನ್ನ ಕೊರಳು ಹಿಡಿದು ತೋರಿಸಿದ. ಸಿರಿಗೆ ತಿಳಿಯಿತು. ಏಡಿಯ ಕಾಲು ಚೀಪುವ ಮರಿಗಳು ನೆನಪಾದವು. ಕಾಲಿನ ಹಳೆಯ ಗಾಯವೂ ನೆನಪಾಯಿತು. ಒಂದು ಕ್ಷಣ ಅವಳು ಅಲುಗಲಿಲ್ಲ. ಆಮೇಲೆ ಬಾಣದಂತೆ ಹೋಗಿ ಬೇರಿಗೆ ಬಾಯಿ ಹಾಕಿದಳು.

ಇಬ್ಬರೂ ಅವನನ್ನು ಎಳೆದು ತಂದು ಬಂಡೆಯ ಮೇಲೆ ಹಾಕಿದರು. ಕಾಡಿಗೆರಾಯ ನೀರು ಕಕ್ಕಿದ. ನೀರಿನ ಜೊತೆ ಮೀನುಗಳೂ ಬಂದು ಬಿದ್ದವು. ಎರಡೂ ದಡದವರು ಸುತ್ತ ಕೂಡಿದರು.

"ಮೊಸಳೆ ಎಲ್ಲಿ ರಾಯರೇ? ಅದನ್ನೂ ನುಂಗಿದಿರೋ?" ಎಂದಿತು ಒಂದು ಮುದಿ ನೀರುನಾಯಿ.

ಸಿರಿ ನಗಲಿಲ್ಲ. "ನಮ್ಮ ಸನ್ನೆಯೂ ಅವರ ಸನ್ನೆಯೂ ನಿಮಗೆ ಗೊತ್ತಿತ್ತು, ಅಲ್ಲವೆ?"

"ಗೊತ್ತಿತ್ತು."

"ಮತ್ತೆ ಹೇಳಲಿಲ್ಲ ಯಾಕೆ?"

"ನೀವು ಕೇಳಲಿಲ್ಲ," ಎಂದು ಗೊಣಗಿ ಅವನು ತಲೆ ತಗ್ಗಿಸಿದ.

ಮರುದಿನದಿಂದ ಎರಡೂ ದಡದ ನೀರುನಾಯಿಗಳು ಮೊದಲು ಎದುರುಬದುರು ಕೂತು ಎದೆ, ಕೊರಳು, ನೆತ್ತಿ ಮುಟ್ಟಿ ತೋರಿಸಿಕೊಳ್ಳುತ್ತಿದ್ದವು. ಆಮೇಲೆ ಜೊತೆಯಾಗಿ ಮುಳುಗುತ್ತಿದ್ದವು. ಸಿರಿಯ ಮರಿಗಳು ಹೊಟ್ಟೆ ತುಂಬಿ, ಎದೆಯ ಮೇಲೆ ಕೈ ಇಟ್ಟು ಮಲಗುತ್ತಿದ್ದವು. ಆ ಸನ್ನೆ ಅವು ಪಡುವಣದ ಮರಿಗಳಿಂದ ಕಲಿತದ್ದು.

ನೀರುಕಾಗೆ ಇಂದಿಗೂ ಬಂಡೆಯ ಮೇಲೆ ರೆಕ್ಕೆ ಬಿಚ್ಚಿಕೊಂಡು ಕೂರುತ್ತದೆ. ನೀರುನಾಯಿಗಳು ತಲೆಯೆತ್ತಿ ಒಮ್ಮೆ ನೋಡುತ್ತವೆ. ಮತ್ತೆ ಮುಳುಗುತ್ತವೆ.

ನೀತಿ: ನಮ್ಮ ಸನ್ನೆ ಎಲ್ಲರಿಗೂ ತಿಳಿದಿದೆ ಎಂದು ಎಣಿಸಬಾರದು, ಕೇಳಿ ತಿಳಿದುಕೊಳ್ಳಬೇಕು. ಸುಳ್ಳು ಸನ್ನೆ ಕಲಿಸಿದವನ ನಿಜವಾದ ಮೊರೆ ಸುಲಭವಾಗಿ ಯಾರಿಗೂ ತಿಳಿಯದು.